ಮಳೆ ಬಂದ ಮರುದಿನ ನಸುಕಿನಲ್ಲಿ ವ್ಯಾನ್ ಇಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಎಲ್ಲ ಸಿಲಿಂಡರ್ ಕೆಲಸ ಮಾಡುವುದಿಲ್ಲ. ಪ್ಲಗ್, ಬ್ಯಾಟರಿ ಎರಡೂ ಹೊಸದು, ಇನ್ನೇನು ನೋಡಲಿ?

ರೊಟ್ಟಿಗಾಡಿ, ಕಮಲಾಪುರ

ಎಲ್ಲರಿಗೂ ಶರಣು. ಗಾಡಿ ರಿಪೇರಿ ಗೊತ್ತಿರುವವರು ಸ್ವಲ್ಪ ಓದಿ ಹೇಳಿ. ಉದ್ದ ಆಗಿದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಕಮಲಾಪುರದಲ್ಲಿ ಜೋಳದ ರೊಟ್ಟಿ ಮಾಡಿಸಿ ಕಲಬುರಗಿಯ ಖಾನಾವಳಿಗಳಿಗೆ, ಎರಡು ಹಾಸ್ಟೆಲ್ ಮೆಸ್‌ಗಳಿಗೆ ಹಾಕುತ್ತೇನೆ. ನಸುಕಿನಲ್ಲಿ ಐದಕ್ಕೆ ಮನೆ ಬಿಟ್ಟರೆ ಆರರ ಸುಮಾರಿಗೆ ಕಲಬುರಗಿಯ ಹುಮನಾಬಾದ್ ಬೇಸ್ ಮುಟ್ಟಬೇಕು. ಗಾಡಿ ಹಳೇ ಪೆಟ್ರೋಲ್ ವ್ಯಾನ್. ಮೂರು ಸಿಲಿಂಡರ್, ಕಾರ್ಬುರೇಟರ್, ಸೀಟಿನ ಕೆಳಗೇ ಇಂಜಿನ್. ಕಂಪನಿ ಹೆಸರು ಹೇಳುವುದಿಲ್ಲ, ಹೇಳದಿದ್ದರೂ ನಿಮಗೆ ಗೊತ್ತಾಗಿರುತ್ತದೆ. ಹನ್ನೊಂದು ವರ್ಷದಿಂದ ನಾನೇ ಓಡಿಸುತ್ತಿದ್ದೇನೆ.

ಬೇಸಿಗೆಯಲ್ಲಿ ಒಂದು ದಿನವೂ ಕೈಕೊಟ್ಟಿಲ್ಲ. ಮಳೆ ಹಿಡಿಯಿತು ಅಂದರೆ ಶುರು. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ ಜೋರಾಗೇ ತಿರುಗುತ್ತದೆ, ಆದರೆ ಹತ್ತುವುದಿಲ್ಲ. ಎಂಟು ಹತ್ತು ಸಲ ಹೊಡೆದ ಮೇಲೆ ಹೇಗೋ ಹತ್ತುತ್ತದೆ, ಅದೂ ಎರಡೇ ಸಿಲಿಂಡರ್ ಮೇಲೆ. ಇಡೀ ಗಾಡಿ ನಡುಗುತ್ತದೆ. ಸೈಲೆನ್ಸರ್ ಹತ್ತಿರ ಹಸಿ ಪೆಟ್ರೋಲ್ ವಾಸನೆ. ಏರು ಬಂದರೆ ಎಳೆಯುವುದಿಲ್ಲ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ತಾನಾಗೇ ಸರಿ ಆಗುತ್ತದೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಕಲಬುರಗಿಯ ಗ್ಯಾರೇಜ್ ಮುಂದೆ ನಿಂತಾಗ ಅದು ಬಹಳ ಸಂಭಾವಿತ ಗಾಡಿ.

ಇಲ್ಲಿ ತನಕ ಮೂರೂ ಪ್ಲಗ್ ಹೊಸದು, ಬ್ಯಾಟರಿ ಹೊಸದು, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದಾರೆ, ಪೆಟ್ರೋಲ್ ಫಿಲ್ಟರ್ ಬದಲಿಸಿದ್ದಾರೆ. ಎಂಟು ಸಾವಿರದ ಮೇಲೆ ಹೋಯಿತು. ಮಿಸ್ತ್ರಿ ಏನೇನು ಮಾಡಿದೆ ಅನ್ನುವುದನ್ನೆಲ್ಲ ನನಗೆ ಹೇಳಲಿಲ್ಲ, ಪಕ್ಕದಲ್ಲಿ ನಿಂತಿದ್ದ ನನ್ನ ಮಗನಿಗೆ ಹೇಳಿದ. ಅವನಿಗೆ ಹದಿಮೂರು ವರ್ಷ.

ಒಂದು ವಿಷಯ ನಾನೇ ಕಂಡುಕೊಂಡೆ. ಮೊನ್ನೆ ಹುಬ್ಬಿ ಮಳೆ ಜೋರಾಗಿ ಹೊಡೆದ ರಾತ್ರಿ ಗಾಡಿ ಬಯಲಲ್ಲೇ ನಿಂತಿತ್ತು. ಬೆಳಿಗ್ಗೆ ಸೀಟು ಎತ್ತಿ, ಪ್ಲಗ್ ವೈರ್‌ಗಳೆಲ್ಲ ಕೂಡುವ ಆ ಕರಿ ಮುಚ್ಚಳ ಬಿಚ್ಚಿದೆ. ಒಳಗೆ ಬೆವರಿನ ಹಾಗೆ ಸಣ್ಣ ಹನಿ. ರೊಟ್ಟಿ ಬಟ್ಟೆಯಲ್ಲಿ ಒರೆಸಿ, ಹೇಗೂ ಒಲೆ ಉರಿಯುತ್ತಿತ್ತಲ್ಲ, ಹಂಚಿನ ಪಕ್ಕ ಹತ್ತು ನಿಮಿಷ ಇಟ್ಟೆ. "ಒಲಿ ಮುಂದ ಗಾಡಿ ಸಾಮಾನ ಯಾಕ ಇಟ್ಟೀಯವ್ವ" ಅಂತ ಅತ್ತೆ ಬೈದರು. ಹಾಕಿ ಸೆಲ್ಫ್ ಹೊಡೆದರೆ ಒಂದೇ ಏಟಿಗೆ ಹತ್ತಿತು!

ಕಡಕ್ ರೊಟ್ಟಿಗೆ ಹಸಿ ಹತ್ತಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಗಾಡಿಗೆ ಹತ್ತಿದರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ದಿನಾ ಮುಚ್ಚಳ ಬಿಚ್ಚಿ ಕಾಯಿಸುತ್ತಾ ಕೂರಲು ಆಗುವುದಿಲ್ಲ ಅಲ್ವಾ?

ಡೀಸೆಲ್ ರಾಜಾ, ಚಿತ್ತಾಪುರ

ಅಕ್ಕಾರೇ, ಅದನ್ನು ಮಾರಿ ಡೀಸೆಲ್ ಗಾಡಿ ತಗೊಳ್ಳಿ. ಸ್ಪಾರ್ಕ್ ಪ್ಲಗ್ಗೇ ಇಲ್ಲ, ಕರೆಂಟ್ ಹಾರುವ ತಾಪತ್ರಯವೇ ಇಲ್ಲ. ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹತ್ತಿಕೊಳ್ಳುತ್ತದೆ.

ರೊಟ್ಟಿಗಾಡಿ, ಕಮಲಾಪುರ

ಕೊಡಿಸ್ತೀರಾ ತಮ್ಮಾ?

ಹಳೇ ಎಲೆಕ್ಟ್ರಿಷಿಯನ್, ಬೀದರ್

ತಂಗೀ, ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಆ ಮುಚ್ಚಳ ಒಣಗಿಸಿದ ದಿನ ಒಂದೇ ಏಟಿಗೆ ಹತ್ತಿತು ಅಂದರೆ ಪೆಟ್ರೋಲ್ ಸರಿ ಇದೆ, ಕಾರ್ಬುರೇಟರ್ ಸರಿ ಇದೆ. ಕರೆಂಟ್ ದಾರಿ ತಪ್ಪುತ್ತಿದೆ. ಆ ಕರಿ ಮುಚ್ಚಳದ ಹೆಸರು ಡಿಸ್ಟ್ರಿಬ್ಯೂಟರ್ ಕ್ಯಾಪ್. ಬೀದರ್‌ನಲ್ಲಿ ಮೂವತ್ತು ವರ್ಷ ಆಟೋ ಎಲೆಕ್ಟ್ರಿಕ್ ಕೆಲಸ ಮಾಡಿದವನು ನಾನು. ಮಳೆಗಾಲದಲ್ಲಿ ನನ್ನ ಅಂಗಡಿ ಮುಂದೆ ನಿಲ್ಲುತ್ತಿದ್ದ ಗಾಡಿಗಳಲ್ಲಿ ಜಾಸ್ತಿ ಇದೇ ಕಂಪ್ಲೇಂಟು.

ಬ್ಯಾಟರಿ ಕೊಡುವುದು 12 ವೋಲ್ಟ್. ಕಾಯಿಲ್ ಅದನ್ನು ಹತ್ತಿಪ್ಪತ್ತು ಸಾವಿರ ವೋಲ್ಟ್‌ಗೆ ಏರಿಸುತ್ತದೆ. ಅದು ಕ್ಯಾಪಿನ ನಡುವಿನ ತೂತಿಗೆ ಬಂದು, ಒಳಗೆ ತಿರುಗುವ ರೋಟರ್ ಮೂಲಕ ಒಂದೊಂದೇ ಪ್ಲಗ್ ವೈರ್‌ಗೆ ಹಂಚಿಕೆ ಆಗುತ್ತದೆ. ಪ್ಲಗ್ ತುದಿಯ ಸಂದು 0.7ರಿಂದ 0.8 ಮಿಲಿಮೀಟರ್ ಅಷ್ಟೇ. ಆದರೆ ಸಿಲಿಂಡರ್ ಒಳಗೆ ಗಾಳಿ ಒತ್ತಿ ಹಿಡಿದಿರುತ್ತದೆ, ಅಲ್ಲಿ ಅಷ್ಟು ಸಣ್ಣ ಸಂದು ಹಾರುವುದೂ ಕಿಡಿಗೆ ಕಷ್ಟ. ಹೊರಗೆ ಹಸಿ ಹಿಡಿದ ಕ್ಯಾಪ್ ಮೇಲೆ ಜಾರಿ ಇಂಜಿನ್ ಬಾಡಿಗೆ ಇಳಿಯುವುದು ಸುಲಭ ಅನ್ನಿಸಿದರೆ ಅಲ್ಲೇ ಇಳಿದು ಹೋಗುತ್ತದೆ. ಪ್ಲಗ್ ಹೊಸದಾದರೇನು, ಅದರ ತನಕ ಕರೆಂಟ್ ಬರಬೇಕಲ್ಲ.

ಇನ್ನೊಂದು ಮಾತು. ಎಲ್ಲರೂ ನೀರನ್ನು ಬೈಯುತ್ತಾರೆ. ಬರೀ ಮಳೆ ನೀರು ಕರೆಂಟನ್ನು ಅಷ್ಟಾಗಿ ಹಾಯಿಸುವುದಿಲ್ಲ. ಅದಕ್ಕೆ ಧೂಳು, ಎಣ್ಣೆ ಜಿಡ್ಡು, ಮಣ್ಣಿನ ಉಪ್ಪು ಸೇರಿದಾಗ ದಾರಿ ಆಗುತ್ತದೆ. ನಿಮ್ಮ ಕಡೆ ಎರೆ ಹೊಲದ ಧೂಳು, ನಮ್ಮ ಕಡೆ ಕೆಂಪು ಧೂಳು. ಮಾರ್ಚ್‌ನಿಂದ ಮೇ ತನಕ ಅದು ಕ್ಯಾಪ್ ಮೇಲೆ, ವೈರ್ ಮೇಲೆ ಕೂತಿರುತ್ತದೆ. ಒಣಗಿರುವಾಗ ಏನೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಕೂತ ಧೂಳೇ ಮಳೆಗಾಲದಲ್ಲಿ ತಂತಿ ಆಗುವುದು.

ನಸುಕಿನಲ್ಲೇ ಯಾಕೆ ಅಂದರೆ, ರಾತ್ರಿ ಇಂಜಿನ್ ತಣ್ಣಗಾದಾಗ ಕ್ಯಾಪ್ ಒಳಗಿನ ಗಾಳಿಯ ತೇವ ಹನಿಯಾಗಿ ಕೂರುತ್ತದೆ. ನೀವು ಕಂಡ ಬೆವರು ಅದೇ. ಮೇಲಾಗಿ ಸೆಲ್ಫ್ ಮೋಟಾರು ತಿರುಗುವಾಗ ಬ್ಯಾಟರಿಯ 12 ವೋಲ್ಟ್ ಹತ್ತರ ಹತ್ತಿರಕ್ಕೆ ಕುಸಿಯುತ್ತದೆ, ಕಾಯಿಲ್ ಕೊಡುವ ಕರೆಂಟೂ ಆಗಲೇ ಬಡವ. ಎರಡೂ ಕೂಡಿದರೆ ಗಾಡಿ ಹತ್ತುವುದಿಲ್ಲ. ಹತ್ತಿ ಸ್ವಲ್ಪ ದೂರ ಓಡಿದ ಮೇಲೆ ಇಂಜಿನ್ ಬಿಸಿಗೆ ಎಲ್ಲ ಒಣಗುತ್ತದೆ. ನಿಮ್ಮ ಮಹಾಗಾಂವ ಕ್ರಾಸ್ ಲೆಕ್ಕ ಸರಿಯಾಗೇ ಇದೆ.

ಈಗ ಇನ್ನೊಂದು ಸಾಮಾನೂ ಕೊಳ್ಳಬೇಡಿ. ಮೊದಲು ಕತ್ತಲೆಯಲ್ಲಿ ನೋಡಿ. ಚಂದ್ರ ಇಲ್ಲದ ಹೊತ್ತು, ಅಂಗಳದ ಲೈಟ್ ಆರಿಸಿ, ಗಾಡಿ ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಚಾಲೂ ಮಾಡಿ. ಸೀಟು ಎತ್ತಿ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಇರುತ್ತದಲ್ಲ, ಅದರಲ್ಲಿ ಮಂಜಿನ ಹಾಗೆ ಸಣ್ಣಗೆ ನೀರು ಹೊಡೆಯಿರಿ. ಮೊದಲು ಒಂದು ವೈರ್ ಮೇಲೆ, ತಡೆದು ಇನ್ನೊಂದರ ಮೇಲೆ, ಆಮೇಲೆ ಕ್ಯಾಪ್, ಕೊನೆಗೆ ಕಾಯಿಲ್. ಎಲ್ಲಿ ಹೊಡೆದಾಗ ಇಂಜಿನ್ ತಡವರಿಸುತ್ತದೋ, ಎಲ್ಲಿ ನೀಲಿ ಕಿಡಿ ಕಾಣುತ್ತದೋ, ಚಟ್ ಚಟ್ ಸದ್ದು ಬರುತ್ತದೋ, ಕಳ್ಳ ಅಲ್ಲೇ ಇದ್ದಾನೆ. ಸೆರಗು, ಜಡೆ ಗಟ್ಟಿ ಕಟ್ಟಿಕೊಳ್ಳಿ, ಕೆಳಗೆ ಬೆಲ್ಟ್ ತಿರುಗುತ್ತಿರುತ್ತದೆ. ಚಾಲೂ ಇದ್ದಾಗ ಯಾವ ವೈರನ್ನೂ ಮುಟ್ಟಬೇಡಿ, ಕೀಳಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ಹತ್ತಿರ ಬಿಡಬೇಡಿ.

ಮೀಟರ್ ಹಿಡಿದು ವೈರ್ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಮೀಟರ್ ಅಳೆಯುವುದು ಒಳಗಿನ ಸಣ್ಣ ಸೆಲ್ಲಿನ ಬಲದಲ್ಲಿ. ವೈರ್ ಒಳಗೆ ಕಡಿದಿದೆಯೋ ಇಲ್ಲವೋ ಅಷ್ಟು ಅದು ಹೇಳುತ್ತದೆ. ಸಾವಿರಾರು ವೋಲ್ಟ್‌ನಲ್ಲಿ ಆಗುವ ಸೋರಿಕೆ ಅದಕ್ಕೆ ಕಾಣುವುದಿಲ್ಲ.

ಕೊನೆಗೆ ಒಂದು: ರೊಟ್ಟಿ ಬಟ್ಟೆಯಲ್ಲಿ ಕ್ಯಾಪ್ ಒರೆಸಬೇಡಿ. ಅದರಲ್ಲಿ ಹಿಟ್ಟು ಇರುತ್ತದೆ. ಹಿಟ್ಟು ತೇವ ಹಿಡಿದುಕೊಳ್ಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹಂಚಿನಿಂದಲೂ ಒಂದು ಮೊಳ ದೂರ ಇಡಿ, ಪ್ಲಾಸ್ಟಿಕ್ ಸೊಟ್ಟ ಆದರೆ ಆಮೇಲೆ ಕೂರುವುದಿಲ್ಲ.

ಪಲ್ಸರ್ ಹುಡುಗ, ಶಹಾಪುರ

ಅಕ್ಕಾ, ಅಷ್ಟೆಲ್ಲ ಯಾಕೆ? ಡಬ್ಲ್ಯುಡಿ-40 ಡಬ್ಬಿ ತಂದು ಹೊಡೆದುಬಿಡಿ. ನೀರು ಓಡಿಸಲಿಕ್ಕೆಂದೇ 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು ಅದು. ನೀರು ಹೊರದೂಡುವ ಮದ್ದಿನ ನಲವತ್ತನೇ ಪ್ರಯತ್ನ ಅಂತ ಹೆಸರಲ್ಲೇ ಇದೆ.

ಕಾಕಾ, ಹಾಗೇ ನನ್ನದೂ ಒಂದು ಕೇಳಿಬಿಡುತ್ತೇನೆ. ಭೀಮಾ ದಂಡೆ ರಸ್ತೆಯಲ್ಲಿ ನೀರು ನಿಂತ ಕಡೆ ಬೈಕ್ ದಾಟಿಸಿದರೆ ನೂರು ಮಾರು ಹೋಗಿ ಬಂದ್ ಬೀಳುತ್ತದೆ. ಅರ್ಧ ಗಂಟೆ ಬಿಟ್ಟರೆ ಚಾಲೂ. ಇದೂ ಅದೇ ಕೇಸಾ?

ಹಳೇ ಎಲೆಕ್ಟ್ರಿಷಿಯನ್, ಬೀದರ್

ಡಬ್ಬಿ ತಪ್ಪಲ್ಲ ತಮ್ಮಾ. ದಾರಿಯಲ್ಲಿ ನಿಂತವರನ್ನು ಮನೆ ಮುಟ್ಟಿಸುತ್ತದೆ. ಆದರೆ ಅದು ನೀರನ್ನು ದೂಡುತ್ತದೆ ಅಷ್ಟೇ, ಸೀಳನ್ನು ಮುಚ್ಚುವುದಿಲ್ಲ. ಮೇಲಿಂದ ಜಿಡ್ಡು ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಬೆಂಕಿ ಹತ್ತುವ ಸಾಮಾನು ಬೇರೆ. ಬಿಸಿ ಇಂಜಿನ್ ಮೇಲೆ, ಚಾಲೂ ಇದ್ದಾಗ ಹೊಡೆಯಬೇಡಿ. ಬಂದ್ ಮಾಡಿ, ಹೊಡೆದು, ಒರೆಸಿ, ಆರಲು ಬಿಟ್ಟು ಆಮೇಲೆ ಸೆಲ್ಫ್.

ನಿನ್ನ ಬೈಕಿನಲ್ಲಿ ಮೊದಲು ಪ್ಲಗ್ ಕ್ಯಾಪ್ ನೋಡು. ಎರಡು ತುದಿಯ ರಬ್ಬರ್ ಬಿಗಿ ಇದೆಯಾ, ವೈರ್ ಬರುವ ಕಡೆಯಿಂದ ನೀರು ಒಳಗೆ ಇಳಿದಿದೆಯಾ? ತಿರುಪಿ ಬಿಚ್ಚುವ ಜಾತಿಯ ಕ್ಯಾಪ್ ಆದರೆ ಬಿಚ್ಚಿ, ಹಸಿರು ಕಿಲುಬು ಹಿಡಿದ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಬಿಗಿಯಾಗಿ ತಿರುಪು. ಹತ್ತರಲ್ಲಿ ಏಳು ಬೈಕು ಇಷ್ಟಕ್ಕೇ ಸರಿ ಆಗುತ್ತವೆ. ಉಳಿದದ್ದಕ್ಕೆ ಬೇರೆ ಪೋಸ್ಟ್ ಶುರು ಮಾಡು, ಇಲ್ಲಿ ಆ ತಂಗಿಯ ವಿಷಯ ನಡೆಯಲಿ.

ರೊಟ್ಟಿಗಾಡಿ, ಕಮಲಾಪುರ

ಕಾಕಾ, ನಿನ್ನೆ ರಾತ್ರಿ ನೋಡಿದೆವು. ಹೇಳಲೇಬೇಕು.

ಊಟ ಆದ ಮೇಲೆ ಅಂಗಳದ ಲೈಟ್ ಆರಿಸಿದೆವು. ನಮ್ಮವರು ಟಾರ್ಚ್ ಹಿಡಿದು ನಿಂತರು. ಮಗನ ಕೈಗೆ ನೀರಿನ ಬಾಟಲಿ. ಅತ್ತೆ ಬಾಗಿಲಲ್ಲೇ ಕೂತು "ಏನ್ ಮಾಟ ಮಾಡ್ಲಿಕ್ಕತ್ತೀರಿ" ಅಂದರು. ಮೊದಲನೇ ವೈರ್‌ಗೆ ಹೊಡೆದ, ಏನೂ ಇಲ್ಲ. ಎರಡನೇ ವೈರ್‌ಗೆ ಹೊಡೆದ ಕೂಡಲೇ ಇಂಜಿನ್ ಕೆಮ್ಮಿತು. ಟಾರ್ಚ್ ಆರಿಸಿ ನೋಡಿದರೆ, ವೈರ್ ಒಂದು ಕಬ್ಬಿಣದ ಪಟ್ಟಿಗೆ ತಾಗುವ ಜಾಗದಲ್ಲಿ ಚಟ್ ಚಟ್ ಅಂತ ನೀಲಿ ಕಿಡಿ. ತಿಕ್ಕಿ ತಿಕ್ಕಿ ರಬ್ಬರ್ ಸವೆದಿದೆ. ಹನ್ನೊಂದು ವರ್ಷದಿಂದ ಅದರ ಮೇಲೇ ಕೂತು ಓಡಿಸುತ್ತಿದ್ದೇನೆ ನೋಡಿ!

ಅದಕ್ಕೇ ನಿಲ್ಲಿಸಬೇಕು ಅಂದುಕೊಂಡೆ. ಮಗ ಕೇಳಲಿಲ್ಲ, ಕ್ಯಾಪ್ ಮೇಲೂ ಹೊಡೆದ. ಅಬ್ಬಾ, ವೈರ್ ಕೂರುವ ಒಂದು ಗೂಟದಿಂದ ಕ್ಯಾಪ್ ಹಿಡಿಯುವ ಕ್ಲಿಪ್ಪಿನ ತನಕ ದಾರ ಎಳೆದ ಹಾಗೆ ನೀಲಿ ಗೆರೆ ಓಡಿತು. ಮಳೆ ಗುಡುಗಿದ ಮೇಲೆ ಬರುತ್ತದಲ್ಲ ಅಂಥ ಒಂದು ವಾಸನೆ. ಇಂಜಿನ್ ಬಂದ್ ಬಿತ್ತು.

ಇವತ್ತು ಬೆಳಕಿನಲ್ಲಿ ಕ್ಯಾಪ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಿ ನೋಡಿದೆ. ಹೊರಗೆ ಕೂದಲಿನಷ್ಟು ಸಣ್ಣ ಸೀಳು. ಒಳಗೆ ಎರಡು ಗೂಟಗಳ ನಡುವೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಕಪ್ಪು ಗೆರೆ, ಕವಲೊಡೆದಿದೆ. ಉಗುರಿನಿಂದ ಕೆರೆದರೆ ಹೋಗುತ್ತಿಲ್ಲ. ಪಾಲಿಶ್ ಪೇಪರ್‌ನಿಂದ ತಿಕ್ಕಿದರೆ ನಡೆಯುತ್ತದಾ?

ಹಳೇ ಎಲೆಕ್ಟ್ರಿಷಿಯನ್, ಬೀದರ್

ತಿಕ್ಕಬೇಡಿ. ಅದು ಮಸಿ ಅಲ್ಲ, ಕಿಡಿ ಓಡಿ ಓಡಿ ಕ್ಯಾಪೇ ಸುಟ್ಟು ಇದ್ದಿಲಾದ ಗೆರೆ. ಇದ್ದಿಲು ಕರೆಂಟ್ ಹಾಯಿಸುತ್ತದೆ. ಒಮ್ಮೆ ಆ ಗೆರೆ ಬಿತ್ತು ಅಂದರೆ ಮುಂದೆ ಒಣ ದಿನದಲ್ಲೂ ಕಿಡಿ ಅದೇ ದಾರಿ ಹಿಡಿಯುತ್ತದೆ. ತಿಕ್ಕಿದರೆ ಮೇಲಿನ ನುಣುಪು ಹೋಗಿ ಇನ್ನೂ ಜಾಸ್ತಿ ತೇವ, ಧೂಳು ಹಿಡಿಯುತ್ತದೆ. ಕ್ಯಾಪ್ ಬದಲಿಸಿ. ಅದರ ಜೊತೆ ರೋಟರೂ ಹಾಕಿ, ದೊಡ್ಡ ಖರ್ಚಲ್ಲ. ವೈರ್ ಒಂದೇ ಬೇಡ, ಸೆಟ್ ಹಾಕಿ. ಒಂದು ಸವೆದಿದೆ ಅಂದರೆ ಉಳಿದವೂ ಅದರ ವಾರಿಗೆಯವೇ.

ವೈರ್‌ಗಳನ್ನು ಎಲ್ಲ ಒಮ್ಮೆಲೇ ಕೀಳಬೇಡಿ. ಒಂದು ತೆಗೆದು ಒಂದು ಹಾಕಿ. ನಿಮ್ಮ ಇಂಜಿನ್‌ನಲ್ಲಿ ಕಿಡಿ ಬೀಳುವ ಸರದಿ 1-3-2. ಅದಲು ಬದಲಾದರೆ ಕಾರ್ಬುರೇಟರ್‌ನಲ್ಲಿ ಪಟಾಕಿ ಹೊಡೆಯುತ್ತದೆ. ಪ್ಲಗ್ ಕಡೆಯ ರಬ್ಬರ್ ಬಾಯಿ ಒಳಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ನೀರು ಒಳಗೆ ಇಳಿಯುವುದಿಲ್ಲ. ಚಕ್ರದ ಬೇರಿಂಗ್ ಗ್ರೀಸ್ ಅಲ್ಲ. ಅಂಗಡಿಯವನು ಎಲ್ಲ ಒಂದೇ ಅಂತಾನೆ, ಒಂದೇ ಅಲ್ಲ.

ಹಾಗೇ ಪ್ಲಗ್‌ನ ಬಿಳಿ ಪಿಂಗಾಣಿ ಮೇಲೆ ಮೇಲಿಂದ ಕೆಳಗೆ ಕಪ್ಪು ಗೆರೆ ಇದೆಯಾ ನೋಡಿ. ಇದ್ದರೆ ಹೊಸ ಪ್ಲಗ್ ಆದರೂ ತೆಗೆದು ಹಾಕಿ. ಹೊಸ ಕ್ಯಾಪ್ ಕೂರಿಸುವಾಗ ಕೆಳಗಿನ ರಬ್ಬರ್ ರಿಂಗ್ ಇದೆಯಾ ಅಂತಲೂ ಕೈಯಾಡಿಸಿ. ಹಳೇ ಗಾಡಿಗಳಲ್ಲಿ ಯಾರೋ ಎಂದೋ ಬಿಚ್ಚಿದವರು ಅದನ್ನು ಕಳೆದೇ ಹಾಕಿರುತ್ತಾರೆ.

ರೊಟ್ಟಿಗಾಡಿ, ಕಮಲಾಪುರ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಉತ್ತರಿ ಮಳೆ ಒಂದೆರಡು ಸಲ ಬಂದು ಹೋಗಲಿ, ನೋಡಿಯೇ ಹೇಳೋಣ ಅಂತ ತಡೆದೆ.

ಕ್ಯಾಪ್, ರೋಟರ್, ವೈರ್ ಸೆಟ್ ಮೂರೂ ಕಲಬುರಗಿಯಲ್ಲಿ ಸಿಕ್ಕವು. ಬ್ಯಾಟರಿಗೆ ಕೊಟ್ಟದ್ದರ ಮುಂದೆ ಅದು ಏನೂ ಅಲ್ಲ. ಅಂಗಡಿಯವನು "ಮಿಸ್ತ್ರಿನ ಕಳಸ್ರಿ ಅಕ್ಕಾರ, ನಿಮಗ ತಿಳಿಯಂಗಿಲ್ಲ" ಅಂದ. ಹಳೇ ಕ್ಯಾಪ್ ಮುಂದಿಟ್ಟು ಇದ್ದಿಲ ಗೆರೆ ತೋರಿಸಿದೆ. ಸುಮ್ನೆ ಹೊಸದು ತಂದು ಕೊಟ್ಟ. ಮನೆಯಲ್ಲಿ ನಾನೇ ಹಾಕಿದೆ. ಒಂದನೇ ವೈರ್‌ಗೆ ಅರಿಶಿನ ದಾರ, ಎರಡನೆಯದಕ್ಕೆ ಕೆಂಪು ದಾರ, ಮೂರಕ್ಕೆ ಏನೂ ಇಲ್ಲ. ತಪ್ಪಲಿಲ್ಲ. ರಬ್ಬರ್ ರಿಂಗ್ ನೀವು ಹೇಳಿದ ಹಾಗೇ ಇರಲೇ ಇಲ್ಲ ಕಾಕಾ, ಅದನ್ನೂ ಹಾಕಿದೆ. ಸವೆದ ಜಾಗದ ಪಟ್ಟಿಗೆ ಸೈಕಲ್ ಟ್ಯೂಬ್ ತುಂಡು ಸುತ್ತಿದೆ.

ನಾಲ್ಕು ದಿನ ಒಂದೇ ಏಟಿಗೆ ಹತ್ತಿತು. ಐದನೇ ದಿನ ಮತ್ತೆ ಸ್ವಲ್ಪ ನಡುಗಿತು! ನನಗೆ ಅಳುವೇ ಬಂತು. ಸೀಟು ಎತ್ತಿದರೆ ಒಳಗೆಲ್ಲ ಹಬೆ. ಆಮೇಲೆ ಗೊತ್ತಾಯಿತು. ಇಂಜಿನ್ ಬಿಸಿ ಕೂತಲ್ಲಿ ಸುಡುತ್ತದೆ ಅಂತ ಸೀಟಿನಡಿಯ ಇಂಜಿನ್ ಮುಚ್ಚಳದ ಕೆಳಗೆ ಒಂದು ಗೋಣಿ ತಟ್ಟು ಮಡಚಿ ತುರುಕಿದ್ದೆ, ಯಾವ ಕಾಲದ್ದೋ. ಕೆಳಗಿನ ರಬ್ಬರ್ ಪರದೆ ಹರಿದು ರಸ್ತೆ ನೀರು ಮೇಲೆ ಚಿಮ್ಮುತ್ತದೆ, ತಟ್ಟು ಅದನ್ನು ಹೀರಿ ರಾತ್ರಿಯೆಲ್ಲ ಕ್ಯಾಪಿಗೆ ಹಬೆ ಕೊಡುತ್ತಿತ್ತು. ಹಿಂಡಿದರೆ ಒಂದು ಚೊಂಬು ನೀರು ಬಂತು, ಸುಳ್ಳಲ್ಲ.

ಬಿಸಿ ರೊಟ್ಟಿ ಮೇಲೆ ಹಸಿ ಬಟ್ಟೆ ಮುಚ್ಚಬೇಡಿ ಅಂತ ದಿನಾ ನಮ್ಮ ಹೆಣ್ಣುಮಕ್ಕಳಿಗೆ ಹೇಳುವವಳು ನಾನು.

ತಟ್ಟು ಬಿಸಾಡಿದೆ. ಹರಿದ ಪರದೆ ಜಾಗಕ್ಕೆ ಲಾರಿ ಟ್ಯೂಬ್ ಕತ್ತರಿಸಿ ಹೊಡೆಸಿದ್ದೇನೆ. ನಿನ್ನೆ ರಾತ್ರಿಯೆಲ್ಲ ಮಳೆ. ಇವತ್ತು ಐದಕ್ಕೆ ಮೊದಲ ಏಟಿಗೇ ಹತ್ತಿತು, ಮೂರೂ ಸಿಲಿಂಡರ್.

ಪಲ್ಸರ್ ಹುಡುಗ, ಶಹಾಪುರ

ಅಕ್ಕಾ, ನನ್ನ ಬೈಕೂ ಸರಿ ಆಯಿತು. ಕಾಕಾ ಹೇಳಿದ ಹಾಗೆ ವೈರ್ ತುದಿ ಪೂರ್ತಿ ಹಸಿರಾಗಿತ್ತು. ಕಲಬುರಗಿಗೆ ಬಂದರೆ ರೊಟ್ಟಿ ಎಲ್ಲಿ ಸಿಗುತ್ತದೆ?

ಹಳೇ ಎಲೆಕ್ಟ್ರಿಷಿಯನ್, ಬೀದರ್

ತಂಗೀ, ಹಳೇ ಕ್ಯಾಪ್ ಬಿಸಾಡಿದ್ದೀರಾ? ಬಿಸಾಡದಿದ್ದರೆ ಇಟ್ಟುಕೊಳ್ಳಿ. ಆ ಮಿಸ್ತ್ರಿಗೆ ತೋರಿಸಿ. ನಿಮ್ಮ ಮಗನ ಕೈಯಲ್ಲೇ ಕೊಟ್ಟು ಕಳಿಸಿ.